ಗೆರೆ ಹಾಕುವ ಕಿರಿಸೊಸೆ

ಬೀದಿ ದೀಪ ಇನ್ನೂ ಆರಿಲ್ಲ. ಮನೆಯವರೆಲ್ಲ ಮುಸುಕು ಹೊದ್ದು ಮಲಗಿರುವಾಗ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಹೊಲಿಗೆ ಯಂತ್ರವೊಂದು ಮೆಲ್ಲಗೆ ಗುರುಗುಟ್ಟುತ್ತಿದೆ. ಸದ್ದಾಗಬಾರದೆಂದು ಅದರ ಕಾಲುಗಳ ಕೆಳಗೆ ಹಳೆಯ ಕಂಬಳಿಯ ತುಂಡು ಮಡಚಿ ಇಟ್ಟಿದೆ. ಯಂತ್ರದ ಮುಂದೆ ಕುಳಿತವರು ಎರಡೂ ಅಂಗೈಗಳನ್ನು ಬಟ್ಟೆಯ ಮೇಲೆ ಹರಡಿದ್ದಾರೆ. ಎಳೆಯುವುದಿಲ್ಲ, ತಳ್ಳುವುದಿಲ್ಲ, ಮಗುವಿನ ಬೆನ್ನು ಸವರಿದ ಹಾಗೆ ಬಟ್ಟೆಗೆ ದಾರಿ ತೋರಿಸುತ್ತಾರೆ, ಅಷ್ಟೆ. ಟೇಬಲ್ ಹಾಸಿನ ನಡುಮಧ್ಯದಿಂದ ಹೊರಟ ಸೂಜಿ ಅಂಚಿನತ್ತ ಒಂದೇ ಸಮನೆ ಸಾಗುತ್ತದೆ. ದಾರ ಕಡುಕಿತ್ತಳೆ ಬಣ್ಣದ್ದು. ಇಷ್ಟು ವರ್ಷಗಳಲ್ಲಿ ಇವರು ಇಂಥ ಎದ್ದು ಕಾಣುವ ದಾರ ಹಾಕಿರುವುದು ಇದೇ ಮೊದಲು.

"ಅಕ್ಕ ಏಳೋದ್ರೊಳಗೆ ಮುಗಿಸ್ಬೇಕಿತ್ತು" ಎಂದು ಆ ಬೆಳಗನ್ನು ಈಗ ನೆನೆಸಿಕೊಳ್ಳುತ್ತಾರೆ. "ಎದ್ರೆ ಬಂದು ಪಕ್ಕದಲ್ಲಿ ನಿಂತ್ಕೋತಾಳೆ. 'ಈ ಹಳದಿ ಇಲ್ಲಿ ಬೇಡ ಅಲ್ವಾ' ಅಂತಾಳೆ. ಅವಳು ಹಾಗಂದ್ಮೇಲೆ ಆ ಹಳದಿ ನಿಜವಾಗ್ಲೂ ಅಲ್ಲಿ ಬೇಡ ಅನ್ಸುತ್ತೆ ನೋಡಿ, ಅದೇ ನಂಗೆ ಮೈ ಉರಿಯೋದು."

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಓರಗಿತ್ತಿ. ಒಂದೇ ಮನೆಯ ಹಿರಿಸೊಸೆ ಅವರು, ಕಿರಿಸೊಸೆ ಇವರು. ಗಂಡಂದಿರಿಬ್ಬರೂ ಬಸ್ ಡಿಪೋದಲ್ಲಿ ಮೆಕ್ಯಾನಿಕ್‌ಗಳು. ಟೈಲರ್ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ಚೂರು, ಪರದೆ ಅಂಗಡಿಯಲ್ಲಿ ಬೇಡವಾದ ಮಾದರಿ ತುಂಡು, ಇವೆಲ್ಲ ಗಂಟು ಗಂಟಾಗಿ ಈ ಮನೆಗೆ ಬರುತ್ತವೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಟೇಬಲ್ ಹಾಸು, ಕುರ್ಚಿ ದಿಂಬಿನ ಗವಸು, ಕನ್ನಡಕ ಇಡುವ ಚೀಲಗಳಾಗಿ ಹೊರಗೆ ಹೋಗುತ್ತವೆ. ಮುಖ್ಯ ರಸ್ತೆಯ ಮನೆ ಸಾಮಾನಿನ ಅಂಗಡಿಯಲ್ಲಿ ಅವಕ್ಕೆಂದೇ ಒಂದು ಗಾಜಿನ ಕಪಾಟಿದೆ.

ಕೆಲಸ ಎರಡು ಭಾಗ. ಕಿಟಕಿ ಪಕ್ಕದ ಯಂತ್ರ ಹಿರಿಸೊಸೆಯದು. ಚೂರುಗಳನ್ನು ಆರಿಸಿ, ಕತ್ತರಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ ಮೇಲ್ಬಟ್ಟೆ ಜೋಡಿಸುವುದು ಅವರು. ಅದು ಮುಗಿದ ಮೇಲೆ ಮೆಟ್ಟಿಲ ಕೆಳಗಿನ ಯಂತ್ರಕ್ಕೆ ಬರುತ್ತದೆ. ಮೇಲ್ಬಟ್ಟೆ, ನಡುವೆ ತೆಳ್ಳನೆಯ ಹತ್ತಿ ಪದರ, ಅಡಿಯಲ್ಲಿ ಹಳೆಯ ಹಾಸಿಗೆ ಬಟ್ಟೆ, ಈ ಮೂರನ್ನೂ ಸುಕ್ಕಿಲ್ಲದೆ ಹರಡಿ, ಪಿನ್ನು ಚುಚ್ಚಿ, ಸಾಲು ಸಾಲಾಗಿ ಹೊಲಿದು ಒಂದು ಮಾಡುವುದು ಕಿರಿಸೊಸೆ. ಅಂಗಡಿಯವರು ಅದನ್ನು ಕ್ವಿಲ್ಟಿಂಗ್ ಅನ್ನುತ್ತಾರೆ. ಮನೆಯಲ್ಲಿ ಅದಕ್ಕೆ 'ಗೆರೆ ಹಾಕೋದು' ಎಂದೇ ಹೆಸರು.

ಅಂಚಿನಿಂದ ಶುರು ಮಾಡಿದರೆ ಬಟ್ಟೆಯೆಲ್ಲ ನಡುವಿಗೆ ಬಂದು ಉಬ್ಬಿ ಮಡಿಕೆ ಬೀಳುತ್ತದೆ. ಆದ್ದರಿಂದ ಯಾವಾಗಲೂ ನಡುವಿನಿಂದಲೇ ಹೊರಡಬೇಕು. ದಾರ ಬಟ್ಟೆಯ ಬಣ್ಣದಲ್ಲಿ ಕರಗಿಹೋಗಬೇಕು. ಸೀಮೆಸುಣ್ಣದಲ್ಲಿ ಎಳೆದುಕೊಂಡ ಗುರುತನ್ನು ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಬೇಕು. ದಿನಕ್ಕೆ ಎರಡೋ ಮೂರೋ ಹಾಸುಗಳು ಇವರ ಕೈಯಲ್ಲಿ ಹೀಗೆ ಮುಗಿಯುತ್ತವೆ. ಸಂಜೆ ಹೊತ್ತಿಗೆ ಕತ್ತು ಮರದ ಹಲಗೆಯಂತಾಗಿ, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕಾಗುತ್ತದೆ.

"ಗೆರೆ ಕೆಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತೆ. ಚೆನ್ನಾಗಿದ್ರೆ ಯಾರಿಗೂ ಕಾಣಲ್ಲ. ಇದೆಂಥ ಕೆಲಸ ಹೇಳಿ!"

ಬೀದಿಯಲ್ಲಿ ಹಿರಿಸೊಸೆಗೆ ಬಣ್ಣದಕ್ಕ ಎಂಬ ಹೆಸರು ಬಿದ್ದಿದೆ. ಹಾಲಿನವನಿಂದ ಹಿಡಿದು ಗ್ಯಾಸಿನವನವರೆಗೆ ಎಲ್ಲರಿಗೂ ಅವರು ಬಣ್ಣದಕ್ಕ. ಕಿರಿಸೊಸೆಗೂ ಒಂದು ಹೆಸರಿದೆ: ಬಣ್ಣದಕ್ಕನ ಓರಗಿತ್ತಿ. ಒಮ್ಮೆ ಇವರ ಗಂಡ ಹೊಸ ದಿಂಬಿನ ಗವಸನ್ನು ಎತ್ತಿ ಹಿಡಿದು, "ಅತ್ತಿಗೆ ಕೈ ಅಂದ್ರೆ ಕೈ ಕಣೇ" ಎಂದುಬಿಟ್ಟರಂತೆ. ಅದರಲ್ಲಿ ಗೆರೆ ಹಾಕಲು ಇವರು ಇಡೀ ಮಧ್ಯಾಹ್ನ ಕುಳಿತಿದ್ದರು. "ಒಂದು ವಾರ ಅವರ ಶರ್ಟಿನ ಗುಂಡಿ ಹಾಕಿಕೊಡ್ಲಿಲ್ಲ. ಅತ್ತಿಗೆ ಕೈಲಿ ಹಾಕಿಸ್ಕೊಳ್ಳಿ ಅಂದೆ."

ಇದನ್ನೆಲ್ಲ ನೋಡುತ್ತ ಚೂರುಬಟ್ಟೆಯ ಗಂಟಿನ ಪಕ್ಕ ಕಾಲು ಚಾಚಿ ಕೂರುವವರು ಅತ್ತೆ. ಕಿವಿ ಮಂದವಾದರೂ ಮನೆಯಲ್ಲಿ ಅವರಿಗೆ ಕೇಳದ ಮಾತಿಲ್ಲ. "ಇಬ್ಬರು ಸೊಸೇರು, ಒಂದೇ ಬಟ್ಟೆ. ಒಬ್ಬಳು ಕತ್ತರಿಸ್ತಾಳೆ, ಇನ್ನೊಬ್ಬಳು ಚುಚ್ತಾಳೆ. ನಾನು ನಡುವೆ ಹುಷಾರಾಗಿ ಕೂತಿದೀನಿ" ಎನ್ನುತ್ತಾರೆ.

ಹೊಟ್ಟೆಯೊಳಗೆ ಹೊಗೆಯಾಡುತ್ತಿದ್ದದ್ದು ಉರಿಯಾಗಿದ್ದು ಮುಖ್ಯ ರಸ್ತೆಯ ಆ ಅಂಗಡಿಯ ಯಜಮಾನಿ ಒಂದು ಸುದ್ದಿ ತಂದಾಗ. ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ಹೊಲಿಗೆ ತರಗತಿ ಶುರು ಮಾಡುತ್ತಾರಂತೆ. ಕಲಿಸಲು ಒಬ್ಬರು ಬೇಕು. "ಬಣ್ಣದಕ್ಕ ಬಂದ್ರೆ ಚೆನ್ನ. ಶನಿವಾರ ಬೆಳಿಗ್ಗೆ ಬರ್ತೀನಿ, ಮಾದರಿಗೆ ಏನಾದ್ರೂ ಮಾಡಿಡಿ, ನೋಡಿ ನಿರ್ಧಾರ ಮಾಡೋಣ" ಎಂದು ಹೇಳಿ ಹೋದರು. ಹೇಳುವಾಗ ಅವರು ನೋಡುತ್ತಿದ್ದದ್ದು ಕಿಟಕಿಯ ಕಡೆಗೆ. ಮೆಟ್ಟಿಲ ಕೆಳಗೆ ಒಬ್ಬರು ಸೂಜಿಗೆ ದಾರ ಪೋಣಿಸುತ್ತ ಕುಳಿತದ್ದು ಅವರಿಗೆ ಕಂಡಿತೋ ಇಲ್ಲವೋ.

"ಕ್ಲಾಸು ನಂಗೆ ಬೇಕಿತ್ತು. ಯಾಕೆ ಸುಳ್ಳು ಹೇಳ್ಲಿ? ಬಾಯಿ ಬಿಟ್ಟು ಕೇಳೋಕೆ ಮಾನ ಅಡ್ಡ ಬಂತು. ಹೊಟ್ಟೆಕಿಚ್ಚು ಅಂತಾನೇ ಬರ್ಕೊಳ್ಳಿ, ಬೇರೆ ನಾಜೂಕಿನ ಪದ ಹುಡುಕ್ಬೇಡಿ."

ಅದಕ್ಕೆಂದೇ ಆ ಶನಿವಾರ ಬೀದಿ ದೀಪ ಆರುವ ಮೊದಲೇ ಎದ್ದು ಕೂತಿದ್ದಾರೆ. ಎರಡು ಬೆಳಗು ಕದ್ದು ಮೇಲ್ಬಟ್ಟೆಯನ್ನೂ ತಾವೇ ಜೋಡಿಸಿದ್ದಾರೆ. ಹಿರಿಸೊಸೆಯ ಡಬ್ಬಿಗಳಲ್ಲಿ ಚೂರುಗಳು ಬಣ್ಣವಾರು ಮಡಚಿಟ್ಟಿವೆ. ಅವುಗಳಲ್ಲಿ ಒಂದನ್ನೂ ಮುಟ್ಟಿಲ್ಲ. ಮುಟ್ಟಿದರೆ 'ನನ್ನ ಬಟ್ಟೆ' ಅನ್ನುತ್ತಾಳೆ ಎಂಬ ಹಟ. ಟೈಲರ್ ಅಂಗಡಿಯಿಂದ ಮೊನ್ನೆ ಬಂದ ಗಂಟನ್ನು ಬಿಚ್ಚಿ ಅದರಿಂದಲೇ ಕೆಂಪು, ಹಳದಿ, ಶರ್ಟಿನ ಬಿಳಿ ಆರಿಸಿದ್ದಾರೆ. ಬಿಳಿಯ ಪಕ್ಕ ಕೆಂಪು, ಕೆಂಪಿನ ಪಕ್ಕ ಬಿಳಿ. ಮೇಲೆ ಕಿತ್ತಳೆ ದಾರದ ಗೆರೆ. ಅಡಿಬದಿಯ ಹೊಲಿಗೆಗೆ ದಾರ ಕೊಡುವ ಬಾಬಿನ್‌ಗೂ ಅದೇ ದಾರ.

ಕೊನೆಯ ಗೆರೆ ಮುಗಿಯುವಾಗ ಕಿಟಕಿಯಲ್ಲಿ ಬೆಳಕು ಮೂಡಿದೆ. ಹಾಸನ್ನು ಮೇಜಿನ ಮೇಲೆ ಹರಡಿ ನೋಡುತ್ತಾರೆ. ಚೆನ್ನಾಗಿದೆ. ಅವರ ಕಣ್ಣಿಗೇ ಚೆನ್ನಾಗಿ ಕಾಣುತ್ತಿದೆ. ಇನ್ನು ಸೀಮೆಸುಣ್ಣದ ಗುರುತು ಒರೆಸುವುದೊಂದು ಬಾಕಿ. ಸಾವಿರ ಸಲ ಮಾಡಿದ ಕೆಲಸ. ಬಟ್ಟೆಯೊಂದನ್ನು ನೀರಲ್ಲಿ ಅದ್ದಿ, ಹಿಂಡಿ, ಎಡದಿಂದ ಬಲಕ್ಕೆ ಒರೆಸುತ್ತಾರೆ.

ಕೈಯ ಹಿಂದೆಯೇ ಕೆಂಪು ಹೊರಟಿತು. ಒರೆಸಿದಷ್ಟೂ ಬಿಳಿಯೊಳಗೆ ಇಳಿಯಿತು. ಗಾಬರಿಯಿಂದ ಇನ್ನಷ್ಟು ಒರೆಸಿದರು. ಮುಖಕ್ಕೆ ಲಿಪ್‌ಸ್ಟಿಕ್ ಬಳಿದುಕೊಂಡ ಮಗುವಿನ ಹಾಗಾಯಿತು ಹಾಸು. ಅಷ್ಟರಲ್ಲಿ ಬೆನ್ನ ಹಿಂದೆ ಚಪ್ಪಲಿ ಸದ್ದು.

"ಏನೇ ಇದು, ಇಷ್ಟು ಬೇಗ?" ಹಿರಿಸೊಸೆ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದಾರೆ.

"ಏನಿಲ್ಲ."

"ಏನಿಲ್ಲ ಅಂದ್ರೆ ಕೈ ಕೆಂಪಗಿರುತ್ತಾ? ಕೊಡು ಇಲ್ಲಿ." ಹಾಸನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಹೊಸ ಗಂಟಿಂದ ತೆಗ್ದಿದೀಯ. ಉಪ್ಪುನೀರಲ್ಲಿ ನೆನೆಸ್ಲಿಲ್ವಾ?"

"ಉಪ್ಪು ಯಾಕೆ? ನಾನೇನು ಸಾರು ಮಾಡ್ತಿದ್ನಾ?"

"ಮತ್ತೆ ಇಷ್ಟು ವರ್ಷ ಬಚ್ಚಲಲ್ಲಿ ಬಕೆಟ್ ಇಟ್ಕೊಂಡು ನಾನೇನು ಮಾಡ್ತಿದ್ದೆ ಅಂದ್ಕೊಂಡೆ? ಮೀನು ಸಾಕ್ತಿದ್ನಾ?"

ಆ ಬಕೆಟ್‌ಗಾಗಿ ಇಬ್ಬರೂ ಜಗಳವಾಡದ ವಾರವಿಲ್ಲ. ಅಂಗಡಿಯ ಧೂಳು ಹೋಗಲೆಂದು ಅಕ್ಕ ಬಟ್ಟೆ ತೊಳೆಯುತ್ತಾರೆ, ಅದೂ ಅತಿಯಾಗಿ ತೊಳೆಯುತ್ತಾರೆ ಎಂದುಕೊಂಡಿದ್ದರು ಇವರು. ಪ್ರತಿ ಚೂರನ್ನೂ ಉಪ್ಪುನೀರಲ್ಲಿ ನೆನೆಸಿ, ಬಿಳಿ ಬಟ್ಟೆಗೆ ಉಜ್ಜಿ, ಬಣ್ಣ ಬಿಡುವುದನ್ನು ಬೇರೆ ಮಾಡಿದ ಮೇಲೆಯೇ ಅದು ಡಬ್ಬಿ ಸೇರುತ್ತದೆ ಎಂದು ತಿಳಿದದ್ದು ಆಗ. ಬಣ್ಣ ಬಿಡದ ಬಟ್ಟೆಯನ್ನಷ್ಟೇ ಕೈಗೆ ತೆಗೆದುಕೊಂಡು ಅಭ್ಯಾಸವಾದವರಿಗೆ, ಬಟ್ಟೆ ಬಣ್ಣ ಬಿಡುತ್ತದೆ ಎಂಬುದೇ ಮರೆತುಹೋಗಿತ್ತು.

"ಒಬ್ಬಳೇ ಮಾಡಿದ್ಯಾ?" ಹಿರಿಸೊಸೆಯ ದನಿ ಇಳಿದಿತ್ತು. "ನನ್ನ ಕರೀಬಾರದಿತ್ತಾ?"

"ಕರೆದಿದ್ರೆ ಇದೂ ನಿಂದಾಗ್ತಿತ್ತು."

ಹಿರಿಸೊಸೆ ಹಾಸನ್ನು ಮೇಜಿನ ಮೇಲಿಟ್ಟು ಒಲೆ ಹಚ್ಚಲು ಹೋದರು. ಅತ್ತೆ ಮಾತ್ರ ಹಾಸಿಗೆಯಿಂದಲೇ ಕೂಗಿದರು: "ಯಾರು ಯಾರಿಗೆ ಚುಚ್ಚಿದ್ರೇ?"

ಯಜಮಾನಿ ಬಂದಾಗ ಹಿರಿಸೊಸೆ ಮಾಡಿದ ದಿಂಬಿನ ಗವಸುಗಳು ಸಾಲಾಗಿ ಹರಡಿದ್ದವು. ಎಂದಿನಂತೆ ಗೆರೆ ಇವರದೇ, ಎಂದಿನಂತೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. "ಈ ನೀಲಿ ಪಕ್ಕ ಬೂದು! ನಿಮಗೆ ಹೇಗೆ ಹೊಳೆಯುತ್ತೆ ಬಣ್ಣದಕ್ಕ?" ಎಂದು ಯಜಮಾನಿ ಹೊಗಳತೊಡಗಿದರು. ಮೆಟ್ಟಿಲ ಕೆಳಗೆ ನಿಂತ ಇವರಿಗೆ ಕಿವಿಯಲ್ಲಿ ಸೀಸ ಹೊಯ್ದಂತಾಯಿತು. ತಡೆಯಲಾಗಲಿಲ್ಲ. ಕೆಟ್ಟುಹೋದ ಹಾಸನ್ನು ತಂದು ಎಲ್ಲದರ ಮೇಲೆ ಹರಡಿಬಿಟ್ಟರು, ಅಡಿಬದಿ ಮೇಲೆ ಮಾಡಿ.

ಅಡಿಬದಿಯಲ್ಲಿ ಚೂರುಗಳಿಲ್ಲ, ಬಣ್ಣಗಳ ಆಟವಿಲ್ಲ, ಹತ್ತಿ ಪದರ ದಾಟಿ ಕೆಂಪೂ ಇಳಿದಿಲ್ಲ. ಮಾಸಲು ಬಿಳಿಯ ಹಳೆಯ ಹಾಸಿಗೆ ಬಟ್ಟೆ, ಅದರ ತುಂಬ ಕಿತ್ತಳೆ ದಾರದ ಗೆರೆಗಳು. ನಡುವಿನಿಂದ ಹೊರಟು ಒಂದರ ಪಕ್ಕ ಒಂದು, ಎಲ್ಲೂ ಅಂತರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂಲೆಯಲ್ಲಿ ತಿರುಗಿದಲ್ಲೂ ಸುಕ್ಕಿಲ್ಲ. ನೋಡಲು ಬೇರೇನೂ ಇಲ್ಲದ್ದರಿಂದ ಯಜಮಾನಿ ಗೆರೆಗಳನ್ನೇ ನೋಡಿದರು. ಬೆರಳಿಟ್ಟು ಒಂದು ಗೆರೆಯನ್ನು ಕೊನೆತನಕ ಹಿಂಬಾಲಿಸಿದರು.

"ಇದನ್ನ ಯಾರು ಮಾಡಿದ್ದು?"

"ನಾನು."

"ಆ ಕಡೆ?"

"ಅದೂ ನಾನೇ" ಎಂದು ತಿರುಗಿಸಿ ತೋರಿಸಿದರು. ಮುಚ್ಚಿಡಲು ಮನಸ್ಸು ಬರಲಿಲ್ಲ.

ಯಜಮಾನಿ ನಕ್ಕುಬಿಟ್ಟರು. "ಇದನ್ನ ಅಂಗಡೀಲಿ ಇಡೋಕಾಗಲ್ಲ" ಎಂದರು. ಮತ್ತೆ ಅಡಿಬದಿಗೆ ತಿರುಗಿಸಿದರು. "ಬಣ್ಣ ಅವರವರ ಇಷ್ಟದ್ದು ಅವರೇ ಮನೆಯಿಂದ ತರ್ತಾರೆ. ಮೂರು ಪದರ ನೆಟ್ಟಗೆ ಕೂರ್ಸೋಕೆ ಬರದೇನೇ ಎಲ್ಲರೂ ಅರ್ಧಕ್ಕೆ ಬಿಡೋದು. ನಾನೂ ಹಾಗೇ ಬಿಟ್ಟೋಳು. ಕ್ಲಾಸಿಗೆ ನೀವು ಬರ್ತೀರಾ?"

ಬರುತ್ತೇನೆ ಎಂದು ಹೇಳಿದ್ದು ಇವರಿಗೆ ನೆನಪಿಲ್ಲ. ನೆನಪಿರುವುದು ಓರಗಿತ್ತಿಯ ಮುಖ. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಕೈ ಸುಮ್ಮನೆ ದಿಂಬಿನ ಗವಸೊಂದನ್ನು ಮಡಚುತ್ತ ಬಿಚ್ಚುತ್ತ ಇತ್ತು. ಆ ಮುಖ ಇವರಿಗೆ ಚೆನ್ನಾಗಿ ಗೊತ್ತು. ಅದನ್ನು ಎಷ್ಟೋ ವರ್ಷ ತಾವೇ ಹೊತ್ತು ತಿರುಗಿದ್ದಾರೆ.

"ಪಾಪ ಅನ್ನಿಸ್ತು ಅಂತ ಬರೀಬೇಡಿ. ಅವತ್ತು ಅನ್ನ ಎಷ್ಟು ರುಚಿಯಾಗಿತ್ತು ಗೊತ್ತಾ? ಎರಡು ಸಲ ಹಾಕಿಸ್ಕೊಂಡೆ. ಬಡಿಸಿದ್ದು ಅವಳೇ."

ಈಗ ಸಂಜೆ ಹೊತ್ತು ಅಂಗಡಿಯ ಮೇಲಿನ ಕೋಣೆಯಲ್ಲಿ ಇವರನ್ನು ಕಾಣಬಹುದು. ಬ್ಯಾಂಕಿನ ಗುಮಾಸ್ತೆ, ನಿವೃತ್ತ ನರ್ಸ್, ಅಂಗಡಿಯ ಲೆಕ್ಕ ಬರೆಯುವವರು ಎಲ್ಲರೂ ಬಟ್ಟೆಯ ಮೇಲೆ ಅಂಗೈ ಹರಡಿ ಕೂತಿರುತ್ತಾರೆ. "ತಳ್ಬೇಡಿ, ಅದಕ್ಕೆ ಹೋಗೋಕೆ ಗೊತ್ತು. ನೀವು ಸುಮ್ನೆ ಜೊತೇಲಿರಿ" ಎಂದು ಇವರು ಬೆನ್ನ ಹಿಂದೆ ನಡೆಯುತ್ತಾರೆ. ಮನೆಯಲ್ಲಿ ಬೇರೆಯದೇ ನಡೆದಿದೆ. ಇವರು ಅತ್ತ ಹೋದೊಡನೆ ಹಿರಿಸೊಸೆ ಮೆಟ್ಟಿಲ ಕೆಳಗಿನ ಯಂತ್ರದಲ್ಲಿ ಕೂತು ಗೆರೆ ಹಾಕಿ ನೋಡುತ್ತಾರೆ ಎಂಬ ವರದಿ ಅತ್ತೆಯಿಂದ ಬರುತ್ತದೆ. ಸೊಟ್ಟಗಿವೆಯಂತೆ. "ಹಾವು ಹೋದ ಹಾಗೆ" ಎಂದು ಅತ್ತೆ ಕೈಯಲ್ಲಿ ಮಾಡಿ ತೋರಿಸುತ್ತಾರೆ. ಕಿರಿಸೊಸೆ ಬಟ್ಟೆ ಬುಟ್ಟಿಯಲ್ಲಿ ಆ ಚೂರುಗಳನ್ನು ಹುಡುಕಿ ನೋಡಿದ್ದಾರೆ. ಮೊದಲನೆಯದು ಹಾವಿನ ಹಾಗೇ ಇತ್ತು. ಮೊನ್ನೆಯದು ಅಷ್ಟೇನೂ ಸೊಟ್ಟಗಿರಲಿಲ್ಲ. ಅದನ್ನು ಹೇಳುವಾಗ ಇವರ ಹುಬ್ಬು ಗಂಟಿಕ್ಕುತ್ತದೆ.

ಮೊನ್ನೆ ತರಗತಿಯಲ್ಲಿ ನರ್ಸಮ್ಮ ಹೊಸ ಕೆಂಪು ಬಟ್ಟೆ ತಂದಿದ್ದರು. ಸೂಜಿಯ ಕೆಳಗೆ ಇಡುವ ಮೊದಲೇ ಇವರು ತಡೆದರು. ಉಪ್ಪುನೀರಲ್ಲಿ ನೆನೆಸಿ, ಬಿಳಿ ಬಟ್ಟೆಗೆ ಉಜ್ಜಿ ನೋಡಿ ಎಂದು ವಿವರವಾಗಿ ಹೇಳಿಕೊಟ್ಟರು. "ಇದೆಲ್ಲ ನಿಮಗೆ ಯಾರು ಕಲ್ಸಿದ್ದು?" ಎಂದು ನರ್ಸಮ್ಮ ಕೇಳಿದರು. ಎಲ್ಲರೂ ಯಂತ್ರ ನಿಲ್ಲಿಸಿ ಇವರತ್ತ ನೋಡುತ್ತಿದ್ದರು.

"ನಾನೇ ಕಂಡ್ಕೊಂಡಿದ್ದು ಅನ್ನೋ ಮಾತು ನಾಲಿಗೆ ತುದೀಲಿತ್ತು. ಯಾರಿಗೆ ಗೊತ್ತಾಗ್ತಿತ್ತು ಹೇಳಿ? ಆಮೇಲೆ 'ನಮ್ಮ ಮನೇಲಿ ಅಕ್ಕ ಇದಾಳೆ, ಅವಳ ಕೆಲಸ ಇದು' ಅಂದೆ. ನನ್ನ ಗೆರೆ ನೋಡಿ ಯಾರೂ ಹಾಗೆ 'ಇದು ಅವಳ ಕೆಲಸ' ಅಂದಿರ್ಲಿಲ್ಲ. ನಾನು ಹೇಳ್ದೆ." ಕತ್ತು ನೀವಿಕೊಳ್ಳುತ್ತಾರೆ. "ಮನೇಲಿ ಮಾತ್ರ ಬಾಯಿ ಬಿಡ್ಬೇಡಿ, ತಲೆ ಮೇಲೆ ಕೂತ್ಕೋತಾಳೆ. ಪೇಪರಲ್ಲಿ ಬೇಕಾದ್ರೆ ಹಾಕಿ. ಅವಳು ಓದೋದೆಲ್ಲಿ, ಚಿತ್ರ ನೋಡಿ ಮಡಚಿಡ್ತಾಳೆ."