ಮಜ್ಜಿಗೆಯಲ್ಲಿ ಬೆರೆಸಿದ ನೂರ ಮೂವತ್ತೇಳು ಗುಳಿಗೆ

2003 ಆಗಸ್ಟ್ 4, ಸೋಮವಾರ, ಬೆಳಿಗ್ಗೆ 6.40. ಶ್ರಾವಣದ ಮೊದಲ ಸೋಮವಾರ. ನನ್ನ ತಂಗಿ ತಲೆಗೆ ನೀರು ಹಾಕಿಕೊಂಡು ಬಂದು ಒಲೆಯ ಮುಂದಿದ್ದ ಅವ್ವನಿಗೆ ಹೇಳಿದಳು:

“ಅವ್ವಾ, ಇವತ್ತಿಂದ ಶ್ರಾವಣ ಮುಗಿಯೋತನಕ ನಾನು ಉಪ್ಪು ಮುಟ್ಟಂಗಿಲ್ಲ. ಹರಕಿ ಹೊತ್ತೀನಿ.”

“ಯಾಕಲೇ?”

“ದೇವರು ನನ್ನ ನೆಟ್ಟಗ ಮಾಡ್ಯಾನಲ್ಲ, ಒಂದೂ ಗುಳಿಗಿ ಇಲ್ದ.”

ಅವ್ವ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಹಿಂದಿನ ದಿನದವರೆಗೆ ಅವಳ ಹೊಟ್ಟೆಗೆ 112 ಗುಳಿಗೆ ಹೋಗಿದ್ದವು.

ನಾವಿರುವುದು ಕೊಟ್ಟೂರಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನು ಬೆಳೆಸಿದವರು ಅವ್ವ ಮತ್ತು ನಾನು. ಈಗ ಅವಳಿಗೆ ಹದಿನಾರು, ನನಗೆ ಇಪ್ಪತ್ಮೂರು. ನಾನು ಬಸ್ ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತಿನಲ್ಲಿ ಕೂರುತ್ತೇನೆ. ಕರೆಗಳ ಹೊತ್ತು ಬರೆದು ಬರೆದು ಮನೆಯದನ್ನೂ ಡೈರಿಯಲ್ಲಿ ಬರೆಯುವ ರೂಢಿಯಾಗಿದೆ. “ಬರಕೋ ಅಕ್ಕ, ಇವತ್ತು ನನ್ನ ತಂಗಿ ಎರಡು ಸಲ ಸೀನಿದ್ಲು ಅಂತ,” ಎಂದು ಅವಳು ಅಣಕಿಸುತ್ತಿದ್ದಳು.

ಈ ವರ್ಷ ಮಾರ್ಚ್‌ನಲ್ಲಿ ಏಳು ದಿನಕ್ಕೆ ಒಟ್ಟು ಹನ್ನೊಂದು ಗಂಟೆ ಮಲಗಿದ್ದಳು. ಮನೆಯ ಪಾತ್ರೆಗಳನ್ನೆಲ್ಲ ಓಣಿಯವರಿಗೆ ಹಂಚಿದ್ದಳು. ಏಪ್ರಿಲ್‌ನಲ್ಲಿ ಹತ್ತೊಂಬತ್ತು ದಿನ ಗೋಡೆಗೆ ಮುಖ ಮಾಡಿ ಬಿದ್ದುಕೊಂಡಿದ್ದಳು. ದಾವಣಗೆರೆಯ ಡಾಕ್ಟರು ಬೈಪೋಲಾರ್, ಮನಸ್ಸು ಒಮ್ಮೆ ಉಕ್ಕಿ ಒಮ್ಮೆ ಕುಸಿಯುವ ಕಾಯಿಲೆ, ಎಂದರು. ಗುಳಿಗೆ ತಪ್ಪಿಸಬಾರದು, ನೀರು ಚೆನ್ನಾಗಿ ಕುಡಿಯಬೇಕು, ತಿಂಗಳಿಗೊಮ್ಮೆ ರಕ್ತ ತೋರಿಸಬೇಕು ಎಂದು ಹೇಳಿದ್ದು ಡೈರಿಯಲ್ಲಿದೆ. ಉಪ್ಪಿನ ಮಾತು ಅದರಲ್ಲಿಲ್ಲ. ಅವರು ಹೇಳಲಿಲ್ಲವೋ, ನಾನು ಬರೆದುಕೊಳ್ಳಲಿಲ್ಲವೋ ತಿಳಿಯದು.

ಮೂರು ವಾರ ಗುಳಿಗೆ ನುಂಗಿ, ಆಮೇಲೆ ನಿಲ್ಲಿಸಿದಳು. “ಇದನ್ನ ನುಂಗಿದ್ರ ನಾನು ನಾನಾಗಿ ಇರಂಗಿಲ್ಲ. ನೀವ ನುಂಗ್ರಿ,” ಎಂದಳು. ಜೂನ್ 9ರಿಂದ ನಾನು ದಿನಕ್ಕೆರಡು ಗುಳಿಗೆ ಅರೆದು ಅವಳ ಮಜ್ಜಿಗೆಯಲ್ಲಿ ಹಾಕತೊಡಗಿದೆ. ಅವ್ವನಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿರಲಿಲ್ಲ. ರಕ್ತ ತೋರಿಸಲು ಕರೆದರೆ ಗುಟ್ಟು ರಟ್ಟಾಗುತ್ತಿತ್ತು, ಅದಕ್ಕೆ ಕರೆಯಲಿಲ್ಲ. ಜುಲೈ ಹೊತ್ತಿಗೆ ದಿನಾ ಏಳು ಗಂಟೆ ಮಲಗುತ್ತಿದ್ದಳು, ಕಾಲೇಜಿಗೂ ಹೋಗುತ್ತಿದ್ದಳು. ಗುಣವಾದದ್ದಕ್ಕೇ ಹರಕೆ ಹೊತ್ತಳು.

ಬೇಡವೆನ್ನಲು ನಮ್ಮ ಬಳಿ ಕಾರಣವಿರಲಿಲ್ಲ. ಉಪ್ಪಿಲ್ಲದ ಮಜ್ಜಿಗೆಯಲ್ಲಿ ಗುಳಿಗೆಯ ರುಚಿ ಗೊತ್ತಾದೀತೆಂದು ಜೀರಿಗೆ ಪುಡಿ ಹೆಚ್ಚಿಗೆ ಹಾಕಿದೆ.

ಆಗಸ್ಟ್ 9: ಲೋಟ ಎತ್ತುವಾಗ ನೀರು ಚೆಲ್ಲಿತು, ಎರಡು ಸಲ. ಆಗಸ್ಟ್ 12: ಅವಳು ಹಾಕಿದ ರಂಗೋಲಿಯ ಗೆರೆಗಳು ನಡುಗಿದ್ದವು. ಆಗಸ್ಟ್ 14: ಭೇದಿ, ನಾಲ್ಕು ಸಲ. “ಸಪ್ಪನ ಊಟಕ್ಕ ನಿತ್ರಾಣ ಆಗೇತಿ,” ಎಂದು ಅವ್ವ ಮಜ್ಜಿಗೆಯನ್ನೇ ಹೆಚ್ಚು ಕುಡಿಸಿದಳು. ನನಗೆ ಹಳೆಯ ಕಾಯಿಲೆ ಮರಳುತ್ತಿದೆ ಎನ್ನುವ ಹೆದರಿಕೆ. ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ.

ಆಗಸ್ಟ್ 16, ಬೆಳಿಗ್ಗೆ 8.15ಕ್ಕೆ 137ನೆಯದು. 9.30ಕ್ಕೆ ಅವಳು ಹೊಸ್ತಿಲು ದಾಟಲಾಗದೆ ಬಿದ್ದಳು. ನಾಲಿಗೆ ತೊದಲುತ್ತಿತ್ತು. ಜೀಪು ಮಾಡಿಕೊಂಡು ಹರಪನಹಳ್ಳಿ ಮೇಲೆ ದಾವಣಗೆರೆಗೆ ಹೋದೆವು.

ಆಸ್ಪತ್ರೆಯಲ್ಲಿದ್ದವರು ಬೇರೆ ಡಾಕ್ಟರು. “ಏನಾದ್ರೂ ಗುಳಿಗೆ ತಗೊಳ್ತಿದ್ದೀಯೇನಮ್ಮ?” ಎಂದು ಕೇಳಿದರು.

“ಇಲ್ರಿ,” ಎಂದಳು ತಂಗಿ, ನಿಧಾನಕ್ಕೆ. “ಜೂನ್‌ದಿಂದ ಒಂದೂ ಮುಟ್ಟಿಲ್ಲ.”

ಅವರು ಹಾಗೆಯೇ ಬರೆದುಕೊಂಡರು. ತಲೆಯ ಸ್ಕ್ಯಾನ್ ಮಾಡಿಸಬೇಕು ಎಂದು ನರ್ಸಿಗೆ ಹೇಳಿದರು. ಅವ್ವ ನನ್ನ ತೋಳು ಹಿಡಿದು, “ಹೊರಗ ಹೇಳಿದ್ರಾತು,” ಎಂದು ಪಿಸುಗುಟ್ಟಿದಳು. ಹೊರಗೆ ಹೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಡೈರಿ ಕೈಯಲ್ಲಿ ತೆರೆದೇ ಇತ್ತು.

“ತಗೊಂಡಾಳ್ರಿ. ದಿನಾ ಎರಡು. ಮಜ್ಜಿಗ್ಯಾಗ ನಾನ ಹಾಕೀನಿ.”

ಡಾಕ್ಟರು ಗುಳಿಗೆಯ ಹೆಸರು ಓದಿದರು, ಊಟದ ಬಗ್ಗೆ ಕೇಳಿದರು. ಉಪ್ಪು ಬಿಟ್ಟರೆ ಈ ಔಷಧ ಮೈಯಿಂದ ಹೊರಗೆ ಹೋಗದೆ ವಿಷವಾಗುತ್ತದೆ ಎಂದರು. ಸಲೈನ್ ಹಚ್ಚಿಸಿದರು.

ತಂಗಿ ನನ್ನನ್ನು ಒಂದೇ ಮಾತು ಕೇಳಿದಳು. “ಎಷ್ಟು?”

“ನೂರ ಮೂವತ್ತೇಳು.”

ಆರು ದಿನಕ್ಕೆ ಕೈ ನಡುಕ ನಿಂತಿತು. ಮನೆಗೆ ಬಂದ ಮೇಲೆ ತನ್ನ ರೊಟ್ಟಿ ತಾನೇ ಬಡಿಯುತ್ತಾಳೆ. ಹಿಟ್ಟಿನ ಡಬ್ಬಿಗೆ ಬೀಗ ಹಾಕಿದ್ದಾಳೆ, ಕೀಲಿ ಕೊರಳ ದಾರದಲ್ಲಿದೆ. “ನನ್ನ ಕೈಯಾಗಿಂದೂ ಉಣ್ಣಂಗಿಲ್ಲೇನು?” ಎಂದು ಅವ್ವ ಕೇಳಿದರೆ, “ನಿನ್ನ ಕೈ, ಅಕ್ಕನ ಕೈ ಎರಡೂ ಒಂದ,” ಎನ್ನುತ್ತಾಳೆ. ಡಾಕ್ಟರ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ.

ಇದನ್ನು ಬರೆಯುತ್ತಿರುವುದು ನವೆಂಬರ್‌ನಲ್ಲಿ. ಮೊದಲ ವಾರ ಅವಳು ಮಲಗಿದ್ದು 44 ಗಂಟೆ, ಎರಡನೆಯ ವಾರ 30, ಈ ವಾರ ಇಲ್ಲಿಯವರೆಗೆ 13. ನಿನ್ನೆ ಬೆಳಿಗ್ಗೆಯಿಂದ ಗೋಡೆಗೆ ಸುಣ್ಣ ಬಳಿಯುತ್ತಿದ್ದಾಳೆ, ಇದು ಮೂರನೆಯ ಸಲ. ಬಹಳ ಖುಷಿಯಲ್ಲಿದ್ದಾಳೆ. ಮುಂದೇನು ಬರುತ್ತದೆಂದು ನನಗೂ ಅವ್ವನಿಗೂ ಗೊತ್ತು.

ಒಮ್ಮೆ ಮೋಸ ಹೋದವರ ಬಾಯಲ್ಲಿ ‘ಆಯ್ತು, ನುಂಗ್ತೀನಿ’ ಎನ್ನುವ ಮಾತನ್ನು ಓದುವವರಲ್ಲಿ ಯಾವ ಮನೆಯವರಾದರೂ ಕೇಳಿದ್ದರೆ, ಅದಕ್ಕೆ ಮೊದಲು ಅವರಿಗೆ ನೀವು ಏನು ಹೇಳಿದಿರಿ, ಎಷ್ಟು ದಿನ ಕಾದಿರಿ, ದಯವಿಟ್ಟು ನನಗೆ ಬರೆದು ತಿಳಿಸಿ. ಬೇಗ ಬರೆಯಿರಿ.