ಮೇ ತಿಂಗಳಲ್ಲಿ ಬರಬೇಡಿ ಅಂದ ಮನುಷ್ಯ

ಈ ವರ್ಷದ ಬೇಸಿಗೆಯ ಮಾತು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಬೇರೆಯವರ ಶಾಪಿನಲ್ಲಿ ಕಸ ಗುಡಿಸುತ್ತಾ ಕಲಿತ ಕೆಲಸ. ಯಾರ ಮುಂದೆಯೂ ಕೈಚಾಚಿದವನಲ್ಲ, ಯಾರಿಂದಲೂ ಬುದ್ಧಿ ಹೇಳಿಸಿಕೊಂಡವನೂ ಅಲ್ಲ.

ನಮ್ಮ ಅಪ್ಪ ಹರಿಹರದ ಪಕ್ಕದ ಗುತ್ತೂರಿನವರು. ಹರೆಯದಲ್ಲಿ ಹೊಳೆಯಾಚೆಯ ಎರೆ ಹೊಲಗಳಲ್ಲಿ ದುಡಿದವರು. ಅಲ್ಲಿ ಆಗ ಎರೆಭೂತ ಅನ್ನೋ ದೊಡ್ಡ ಹಕ್ಕಿ ಓಡಾಡುತ್ತಿತ್ತಂತೆ. ಕುರಿಯಷ್ಟು ಎತ್ತರ, ಬಿಳೀ ಕುತ್ತಿಗೆ, ತಲೆ ಮೇಲೆ ಕರೀ ಟೋಪಿ. ನಾವೆಲ್ಲ ಕೇಳಿ ಕೇಳಿ ನಕ್ಕು ಬಿಟ್ಟಿದ್ದ ಕಥೆ ಅದು. ಯುಗಾದಿ ಕಳೆದ ಮೇಲೆ ಡಾಕ್ಟರು ಅಪ್ಪನ ಕಣ್ಣು ನೋಡಿ, ದೃಷ್ಟಿ ನಿಧಾನಕ್ಕೆ ಹೋಗುತ್ತಿದೆ, ಹೋದದ್ದು ವಾಪಸ್ ಬರುವುದಿಲ್ಲ ಅಂದರು. ಆಟೋದಲ್ಲಿ ಬರುವಾಗ ಅಪ್ಪ ಒಂದೇ ಮಾತು ಅಂದರು: "ಪೂರಾ ಕತ್ತಲಾಗೋದ್ರೊಳಗ ಆ ಹಕ್ಕೀನ ಇನ್ನೊಂದ್ಸಲ ನೋಡ್ಬೇಕಿತ್ತಪ್ಪ."

ನಮ್ಮ ಕಡೆ ಈಗ ಆ ಹಕ್ಕಿ ಎಲ್ಲಿದೆ? ಮಗಳು ಫೋನಿನಲ್ಲಿ ಹುಡುಕಿ, ಜೈಸಲ್ಮೇರಿನ ಆಚೆ ಮರುಭೂಮಿಯಲ್ಲಿ ಒಂದು ಉದ್ಯಾನವಿದೆ, ಅಲ್ಲಿ ಇನ್ನೂ ಉಳಿದಿವೆ ಅಂದಳು. ಮೇ ತಿಂಗಳಲ್ಲಿ ನನಗೆ ಕೆಲಸ ಕಡಿಮೆ. ಆಗಲೇ ಹೊರಡೋದು ಅಂತ ತೀರ್ಮಾನಿಸಿದೆ.

"ಅಲ್ರೀ, ಆ ಬಿಸಿಲಾಗ ಮಾವಾರನ್ನ ಕರ್ಕಂಡು ಹೋಗ್ತೀರಾ?" ಅಂದಳು ಹೆಂಡತಿ.

"ದಾವಣಗೆರಿ ಬಿಸಿಲು ಕುಡಿದೋರಿಗೆ ಅದೇನ್ ಮಾಡ್ತೈತೆ? ನೀ ರೊಟ್ಟಿ, ಶೇಂಗಾ ಚಟ್ನಿ ರೆಡಿ ಮಾಡು" ಅಂದೆ.

ಉದ್ಯಾನದ ಪಕ್ಕದ ಹಳ್ಳಿಯಲ್ಲಿ ಜೀಪು ಇಟ್ಟುಕೊಂಡು ಜನರಿಗೆ ಹಕ್ಕಿ ತೋರಿಸುವ ಸವಾಯಿ ಎಂಬವನ ನಂಬರ್ ಸಿಕ್ಕಿತು. ಅಪ್ಪನನ್ನು ಶಾಪಿಗೇ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡಿದೆ. ನಮ್ಮಲ್ಲಿ ಕೆಲಸ ಮಾಡುವ ಬಿಹಾರಿ ಹುಡುಗರಿಂದ ಕಲಿತ ಹಿಂದಿ ನನ್ನದು. ಅಪ್ಪನ ವಯಸ್ಸು, ನಾವು ಬರುವ ತಿಂಗಳು ಹೇಳಿದೆ. ಆ ಮನುಷ್ಯ ಥಟ್ಟನೆ, "ಬರಬೇಡಿ" ಅಂದುಬಿಟ್ಟ.

ನಮ್ಮಲ್ಲಿ ಹೊರಟವರಿಗೆ ಯಾರೂ 'ಬ್ಯಾಡ' ಅನ್ನುವುದಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಫೋನ್ ಕಟ್ ಮಾಡಿದೆ. "ಇವನ್ಯಾವನು ಬ್ಯಾಡ ಅನ್ನಾಕ? ಬೇರೇರನ್ನ ಹಿಡೀತೀನಿ."

"ಅಡ್ಡ ಮಾತು ಬಂತು" ಅಂದರು ಅಪ್ಪ. "ಕುಂತು ನೀರು ಕುಡಿ. ಆಮ್ಯಾಲೆ ಮಾಡುವಂತಿ."

ಹೊರಡುವಾಗ ಅಡ್ಡಿ ಬಂದರೆ ಕೂತು, ನೀರು ಕುಡಿದು, ಮತ್ತೆ ಹೊರಡುವುದು ನಮ್ಮ ಮನೆಯ ರೂಢಿ. ಕೂತೆ. ಲೋಟ ಬಾಯಿಗಿಡುವಷ್ಟರಲ್ಲಿ ಸವಾಯಿಯೇ ವಾಪಸ್ ಫೋನ್ ಮಾಡಿದ. "ಸಿಟ್ಟಾಗಬೇಡಿ ಭಾಯ್. ಮೇನಲ್ಲಿ ಇಲ್ಲಿಯ ಗಾಳಿಯೇ ಬೆಂಕಿ. ನಿಮ್ಮ ತಂದೆ ತಡೆಯೋದಿಲ್ಲ. ಅದೂ ಅಲ್ಲದೆ ಆ ಹಕ್ಕಿ ಬರೀ ನೆಲದ ಮೇಲೆ ಒಂದೇ ಮೊಟ್ಟೆ ಇಡುವ ಕಾಲ. ನಾವೇ ಆ ಕಡೆ ಆಡು ಬಿಡೋದಿಲ್ಲ. ಡಿಸೆಂಬರ್‌ಗೆ ಬನ್ನಿ."

ಅಷ್ಟನ್ನೂ ಅಪ್ಪನಿಗೆ ಹೇಳಿ, "ಡಿಸೆಂಬರ್ ತನಕ ನಿನ್ ಕಣ್ಣು ಕಾಯ್ತಾವೇನಪ್ಪ?" ಅಂದೆ.

"ಮೊಟ್ಟಿ ಐತೆ ಅಂದ್ನಾ? ಹಂಗಾದ್ರ ಬ್ಯಾಡೇ ಬ್ಯಾಡ. ನಾವೂ ಹೊಲದಾಗ ಎಡೆ ಹೊಡೆಯಾಗ ಮೊಟ್ಟಿ ಕಂಡ್ರ ಎತ್ತು ನಿಲ್ಸಿ, ಕುಂಟಿ ಎತ್ತಿ ಆಚಿಗೆ ಇಡ್ತಿದ್ವಿ" ಅಂದ ಅಪ್ಪ ಕೈಚಾಚಿದರು. "ಫೋನ್ ಕೊಡಿಲ್ಲಿ. ಮಿಷನ್ ಬಂದ್ ಮಾಡ್ಸು."

ಲೇತ್ ನಿಂತಿತು. ಅಪ್ಪನಿಗೆ ಹಿಂದಿಯ ಒಂದು ಅಕ್ಷರವೂ ಬರದು. ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಎದೆಯಾಳದಿಂದ "ಹೂಂ...ಕ್" ಅಂತ ಗಂಡು ಹಕ್ಕಿಯಂತೆ ಕೂಗಿದರು. ಆಮೇಲೆ ಸಾವಿರ ಮೈಲಿಯಾಚೆಯಿಂದ ಅದೇ ಕೂಗು ವಾಪಸ್ ಬಂತು! ಇಬ್ಬರೂ ನಗತೊಡಗಿದರು. "ಕೇಳಿದ್ಯಾ? ಇವನು ಅದನ್ನ ನೋಡಿದ ಮನುಷ್ಯ" ಅಂದರು ಅಪ್ಪ, ಕಣ್ಣೊರೆಸಿಕೊಳ್ಳುತ್ತಾ.

ಈಗ ದೀಪಾವಳಿ ಮುಗಿದಿದೆ. ಡಿಸೆಂಬರ್‌ಗೆ ಟಿಕೆಟ್ ಆಗಿದೆ. ಅಲ್ಲಿ ಆಗ ವಿಪರೀತ ಚಳಿಯಂತೆ, ಕಂಬಳಿ ತನ್ನಿ ಅಂತ ಸವಾಯಿ ಹೇಳಿದ್ದಾನೆ. ಅಪ್ಪನ ಕಣ್ಣು ಇನ್ನಷ್ಟು ಮಂಜಾಗಿದೆ, ಬಾಗಿಲಲ್ಲಿ ನಿಂತರೆ ಯಾರು ಅಂತ ಕೇಳುತ್ತಾರೆ. ಅಲ್ಲಿಗೆ ಹೋದ ಮೇಲೆ ಕಾಣದಿದ್ದರೆ ಅಂತ ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ.

"ನಂಗೆ ಕಾಣದಿದ್ರ ಬಿಡು, ನೀ ನೋಡು" ಅಂದರು. "ಅಪ್ಪ ಇಷ್ಟು ವರ್ಷ ಸುಳ್ಳು ಹೇಳಿಲ್ಲ ಅಂತ ಗೊತ್ತಾಗ್ಲಿ."

ಬಾ ಬಾ ಅಂತ ಕರೆದ ಎಷ್ಟೋ ಜನರನ್ನು ಮರೆತಿದ್ದೇನೆ. ಬರಬೇಡಿ ಅಂದ ಆ ಮನುಷ್ಯನ ಕೈಯನ್ನು ಮಾತ್ರ ಒಮ್ಮೆ ಹಿಡಿಯಬೇಕು. ಕಂಬಳಿಯನ್ನು ಅಪ್ಪ ಆಗಲೇ ಬಿಸಿಲಿಗೆ ಹಾಕಿದ್ದಾರೆ.