ಬೆಳಗ್ಗೆ ಬಳಿದ ಪಟ್ಟೆ

ಊರಿನವರೆಲ್ಲ ಅವನನ್ನು ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ರಸ್ತೆಗೆ ಬಿಳಿ ಗೆರೆ ಎಳೆಯುವುದು, ರೋಡ್ ಹಂಪ್‌ಗಳಿಗೆ ಪಟ್ಟೆ ಬಳಿಯುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಬಗ್ಗಿ ಬಗ್ಗಿ ಬೆನ್ನು ಕೊಕ್ಕೆಯಾಗಿತ್ತು. ಉಗುರಿನ ಸಂದಿಯ ಬಿಳಿ ಬಣ್ಣ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. "ಮದುವೆ ದಿನವೂ ಸೀಮೆಎಣ್ಣೇಲಿ ಕೈ ತೊಳ್ಕೊಂಡು ಬಂದ ಮಹಾನುಭಾವ್ರು" ಎಂದು ಹೆಂಡತಿ ಬಂದವರ ಮುಂದೆಲ್ಲ ಕಾಲೆಳೆಯುತ್ತಿದ್ದಳು.

ಆಸ್ಪತ್ರೆ ರಸ್ತೆಯೆಂದರೆ ಅವನಿಗೆ ಒಂದು ಕೈ ಹೆಚ್ಚೇ ಜಂಬ. ಒಂದು ಕಾಲಕ್ಕೆ ಅಲ್ಲಿ ವರ್ಷಕ್ಕೆ ಹತ್ತು ಹನ್ನೊಂದು ಜನ ಸಾಯುತ್ತಿದ್ದರು. ಜೀಬ್ರಾ ಪಟ್ಟೆ, ಹಂಪ್‌ಗಳೆಲ್ಲ ಬಂದ ಮೇಲೆ ಅದು ಮೂರಕ್ಕೆ ಇಳಿದಿತ್ತು. ಕಚೇರಿಯ ಬೋರ್ಡಿನಲ್ಲಿ ಆ ಮೂರನ್ನು ದಪ್ಪಕ್ಷರದಲ್ಲಿ ಬರೆಸಿದ್ದರು. ಕೈಕಾಲು ಮುರಿದುಕೊಂಡವರಿಗೆ ಬೋರ್ಡಿನಲ್ಲಿ ಜಾಗವಿರಲಿಲ್ಲ, ಅವರ ಬಗ್ಗೆ ಯಾರೂ ಕೇಳುತ್ತಲೂ ಇರಲಿಲ್ಲ.

ಹೊಸ ಹಂಪ್‌ಗೆ ಬಣ್ಣ ಬೀಳುವ ತನಕ ಬ್ಯಾರಿಕೇಡ್ ತೆಗೆಯಬಾರದು. ಕೆಲಸಕ್ಕೆ ಸೇರಿದವರಿಗೆ ಗೆರೆಯಣ್ಣನೇ ಹೇಳಿಕೊಡುತ್ತಿದ್ದ ಮೊದಲ ಪಾಠವಿದು. ಬಣ್ಣವಿಲ್ಲದ ಹಂಪ್ ಕರಿ ರಸ್ತೆಯ ಮೇಲೆ ಕರ್ರಗೆ ಮಲಗಿರುತ್ತದೆ, ಗಾಡಿಯನ್ನು ಎತ್ತಿಹಾಕಿದ ಮೇಲೆಯೇ ಗೊತ್ತಾಗುವುದು. ಆಸ್ಪತ್ರೆ ರಸ್ತೆಗೆ ಇನ್ನೊಂದು ಹಂಪ್ ಹಾಕಿದ ದಿನ ಟಾರು ಆರುವ ಹೊತ್ತಿಗೆ ನಾಲ್ಕೂವರೆಯಾಯಿತು. ಐದಕ್ಕೆ ಕಚೇರಿಯಲ್ಲಿ ರಸ್ತೆ ಸುರಕ್ಷತೆಯ ಸಭೆ, ಪ್ರಶಂಸಾಪತ್ರ ಬೇರೆ ಯಾರಿಗೂ ಅಲ್ಲ, ಅವನಿಗೇ. ಅತ್ತ ಬ್ಯಾರಿಕೇಡಿನ ಹಿಂದೆ ಆಂಬುಲೆನ್ಸೊಂದು ಸಿಕ್ಕಿಕೊಂಡು ಒರಲುತ್ತಿತ್ತು. ಬ್ಯಾರಿಕೇಡ್ ಸರಿಸಿದ, ಹಂಪ್ ಪಕ್ಕದಲ್ಲಿ ಮರದ ಕೊಂಬೆಯೊಂದನ್ನು ಸಿಕ್ಕಿಸಿದ, ಒಂದು ಗಂಟೆಯಲ್ಲಿ ಬಂದುಬಿಡೋಣ ಎಂದು ಹೊರಟ. ಫೋಟೋ ಆಯಿತು, ಚಹಾ ಆಯಿತು, ಹೊಗಳಿಕೆ ನೆತ್ತಿಗೇರಿತು. ಹಂಪ್ ಮರೆತು ನೆಟ್ಟಗೆ ಮನೆಗೆ ಹೋದ.

ಮುಸ್ಸಂಜೆಗೆ ಅದೇ ಹಂಪ್ ಮೇಲೆ ಟೈಲರ್ ಹೆಂಗಸಿನ ಸ್ಕೂಟರ್ ಹಾರಿಬಿತ್ತು. ಕೊಂಬೆ ಅಷ್ಟರಲ್ಲಿ ಯಾವುದೋ ಚಕ್ರದಡಿ ಸಿಕ್ಕಿ ಪುಡಿಯಾಗಿತ್ತು. ಹೆಲ್ಮೆಟ್ ಇದ್ದದ್ದಕ್ಕೆ ತಲೆ ಉಳಿಯಿತು, ಮಂಡಿಚಿಪ್ಪು ಒಡೆಯಿತು.

ಸುದ್ದಿ ರಾತ್ರಿಯೇ ಗೆರೆಯಣ್ಣನಿಗೆ ತಿಳಿಯಿತು. ಆಗಲೇ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಅವನು ಮಾಡಿದ್ದೇನು? ನಸುಕಿನಲ್ಲೆದ್ದು ಡಬ್ಬ, ಬ್ರಷ್ಷು ಹಿಡಿದು ಹೋಗಿ ಪಟ್ಟೆ ಬಳಿದು ಬಂದ. ಎಂಟು ಗಂಟೆಗೆ ಪೊಲೀಸರು ಬಂದಾಗ ಹಂಪ್ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. "ಇಷ್ಟು ಬೆಳ್ಳಗಿರೋದು ಕಾಣ್ಲಿಲ್ಲ ಅಂದ್ರೆ ಆಯಮ್ಮ ಎಲ್ಲಿ ನೋಡ್ಕೊಂಡು ಬರ್ತಿದ್ರು?" ಎಂದು ಫೋಟೋ ತೆಗೆದುಕೊಂಡು ಹೋದರು. ಪಕ್ಕದಲ್ಲೇ ನಿಂತಿದ್ದ ಅವನು ಕೈಗಳನ್ನು ಜೇಬಿಗೆ ತುರುಕಿಕೊಂಡ.

ಎರಡು ತಿಂಗಳು ಅವಳ ಬೀದಿಯ ಕಡೆ ತಲೆಹಾಕಲಿಲ್ಲ. ಹೆಂಡತಿ ಪ್ರಶಂಸಾಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು, ಅವನು ಅದಕ್ಕೆ ಬೆನ್ನು ಮಾಡಿ ಉಣ್ಣತೊಡಗಿದ. ಕೊನೆಗೊಂದು ದಿನ ಹೆಂಡತಿ ಹರಿದ ಖಾಕಿ ಅಂಗಿ ಕೈಗಿತ್ತು "ಟೈಲರ್ ಹತ್ರ ಕೊಟ್ಟು ಬನ್ನಿ" ಎಂದಾಗ ಚಪ್ಪಲಿ ಮೆಟ್ಟಿ ಹೊರಟ.

ಹೋದರೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಿತ್ತು. ಅವಳು ಕಾಲು ನೀಡಿ ಕೂತಿದ್ದಳು. ಮೂಗಿನ ಮೇಲೆ ಹೊಸ ಕನ್ನಡಕ.

"ಹೊಲಿಯೋದು ಬಿಟ್ಟೆ ಅಣ್ಣಾ."

"ಕಾಲು ನೋವಾ ಅಮ್ಮಾ?"

"ಕಾಲು ವಾಸಿಯಾಗ್ತಿದೆ. ಕಣ್ಣೇ ಕೈಕೊಟ್ಟಿದೆ. ಅಷ್ಟು ಬೆಳ್ಳಗಿರೋ ಪಟ್ಟೆ ನಂಗೆ ಕಾಣ್ಲೇ ಇಲ್ಲ ನೋಡಿ! ಡಾಕ್ಟ್ರು ಏನೂ ತೊಂದ್ರೆ ಇಲ್ಲ ಅಂದ್ರು. ನಮ್ಮ ಯಜಮಾನ್ರು ಬಿಡ್ಬೇಕಲ್ಲ, ಹಟ ಹಿಡಿದು ಇದನ್ನ ಹಾಕಿಸಿದ್ರು. ಹಾಕ್ಕೊಂಡ್ರೆ ತಲೆ ಸುತ್ತುತ್ತೆ. ಇಂಥ ಕಣ್ಣಿಟ್ಕೊಂಡು ಇನ್ನೊಬ್ರ ಬಟ್ಟೆಗೆ ಹೇಗೆ ಕತ್ತರಿ ಹಾಕ್ಲಿ?"

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ಅಂಗಿ ಹಿಡಿದು ಹೊರಟೇಬಿಟ್ಟ. ಹೊಸಿಲಲ್ಲಿ ನಿಂತ.

"ಪಟ್ಟೆ ಇರ್ಲಿಲ್ಲಮ್ಮಾ" ಎಂದ, ಅವಳತ್ತ ತಿರುಗದೆ. "ನೀವು ಬಿದ್ದಾಗ ಇರ್ಲಿಲ್ಲ. ಮಾರನೇ ಬೆಳಗ್ಗೆ ಬಳಿದಿದ್ದು, ಕಳ್ಳನ ಹಾಗೆ. ನಾನೇ."

ಬೈಗುಳ ಬರಲೆಂದು ಕಾದ. ತಿರುಗಿ ನೋಡಿದರೆ ಅವಳು ಕನ್ನಡಕ ತೆಗೆದಿಟ್ಟು, ಸೂಜಿಯನ್ನು ಬೆಳಕಿಗೆ ಹಿಡಿದಿದ್ದಳು. ದಾರವನ್ನು ಒಂದೇ ಸಲಕ್ಕೆ ಪೋಣಿಸಿದಳು.

"ಹಾಗಾದ್ರೆ ನನ್ನ ಕಣ್ಣು ಚೆನ್ನಾಗಿದೆ!" ಎಂದು ನಕ್ಕಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ನೋಡಿ ಅವನಿಗೆ ನಾಚಿಕೆ ಇನ್ನೂ ಹೆಚ್ಚಾಯಿತು. ಬಡಿದಿದ್ದರೂ ತಡೆದುಕೊಳ್ಳುತ್ತಿದ್ದ.

ನಗು ನಿಂತಿತು. ಸೂಜಿ ಕೈಯಲ್ಲೇ ಇತ್ತು.

"ರೀ, ಸ್ವಲ್ಪ ಬನ್ನಿ ಇಲ್ಲಿ" ಎಂದು ಒಳಗಿದ್ದ ಗಂಡನನ್ನು ಕೂಗಿದಳು. ಆಮೇಲೆ ಗೆರೆಯಣ್ಣನನ್ನೇ ದಿಟ್ಟಿಸಿ, "ನಂಗೆ ಹೇಳಿದ್ದನ್ನ ಅವ್ರಿಗೂ ಹೇಳಿ. ಆಮೇಲೆ ಸ್ಟೇಷನ್ನಿಗೆ ಹೋಗಿ ಅಲ್ಲೂ ಹೇಳಿ" ಎಂದಳು.

ಗಂಡ ಕೈ ಒರೆಸಿಕೊಳ್ಳುತ್ತಾ ಬಂದು ನಿಂತ. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು.

"ಪಟ್ಟೆ ಇರ್ಲಿಲ್ಲ ಯಜಮಾನ್ರೇ" ಎಂದ ಗೆರೆಯಣ್ಣ.